ಖಾಲಿ ಕ್ರೀಡಾಂಗಣದಲ್ಲಿ ಗೆದ್ದ ಕಪ್

ಹಾಲೆಂಡಿನ ರಾಟರ್‌ಡ್ಯಾಮ್ ನಗರ. 1974ರ ಮೇ 8ರ ಸಂಜೆ. ಐವತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರಿಗೆ ಜಾಗವಿದ್ದ ಫೆಯನೂರ್ಡ್ ಕ್ರೀಡಾಂಗಣದಲ್ಲಿ ಅಂದು ಸೇರಿದ್ದವರು ಕೆಲವೇ ಸಾವಿರ ಮಂದಿ. ಯೂರೋಪಿನ ಪ್ರತಿಷ್ಠಿತ ಫುಟ್‌ಬಾಲ್ ಟೂರ್ನಿಯೊಂದರ ಫೈನಲ್ ಪಂದ್ಯಕ್ಕೆ ಇಷ್ಟು ಕಡಿಮೆ ಜನ ಬಂದದ್ದು ತೀರಾ ಅಪರೂಪ. ಪಂದ್ಯ ಮುಗಿದ ಮೇಲೆ ಗೆದ್ದ ತಂಡದವರು ಸ್ನಾನದ ನಂತರ ತೊಡುವಂಥ ಬಿಳಿ ನಿಲುವಂಗಿಗಳನ್ನು ಹಾಕಿಕೊಂಡು, ಕಪ್ ಎತ್ತಿ ಹಿಡಿದು ಮೈದಾನಕ್ಕೆ ಸುತ್ತು ಬಂದರು. ಅವರು ಸೋಲಿಸಿದ್ದು ಹಿಂದಿನ ವರ್ಷದ ವಿಜೇತ, ಇಟಲಿಯ ಎ.ಸಿ. ಮಿಲಾನ್ ತಂಡವನ್ನು. ಅವರು ಬಂದದ್ದು ಪೂರ್ವ ಜರ್ಮನಿಯ ಮಾಗ್ಡೆಬುರ್ಗ್ ಎಂಬ ಕೈಗಾರಿಕಾ ಪಟ್ಟಣದಿಂದ.

ಪೂರ್ವ ಜರ್ಮನಿ ಎಂಬ ದೇಶ ಇದ್ದದ್ದು ನಲವತ್ತೊಂದು ವರ್ಷ. ಅಷ್ಟು ಕಾಲದಲ್ಲಿ ಅಲ್ಲಿನ ಕ್ಲಬ್ಬೊಂದು ಯೂರೋಪಿನ ಕಪ್ ಗೆದ್ದದ್ದು ಇದೊಂದೇ ಸಲ. 1981ರಲ್ಲಿ ಕಾರ್ಲ್ ಜೈಸ್ ಯೇನಾ, 1987ರಲ್ಲಿ ಲೋಕೋಮೋಟಿವ್ ಲೈಪ್‌ಜಿಗ್ ತಂಡಗಳು ಇದೇ ಟೂರ್ನಿಯ ಫೈನಲ್ ತಲುಪಿದರೂ ಕಪ್ ದಕ್ಕಲಿಲ್ಲ. ಹಾಗಿದ್ದೂ ಆ ಏಕೈಕ ಗೆಲುವನ್ನು ತಂದುಕೊಟ್ಟ ತರಬೇತುದಾರನನ್ನು ಎರಡೇ ವರ್ಷದಲ್ಲಿ ಅದೇ ದೇಶ ಮನೆಗೆ ಕಳುಹಿಸಿತು. ಏಕೆ?

ಎಲ್ಬ್ ನದಿಯ ದಂಡೆಯಲ್ಲಿರುವ ಮಾಗ್ಡೆಬುರ್ಗ್ ಭಾರಿ ಯಂತ್ರೋಪಕರಣಗಳಿಗೆ ಹೆಸರಾದ ಊರು. 1945ರ ಜನವರಿಯ ಬಾಂಬ್ ದಾಳಿಯಲ್ಲಿ ಅದರ ಹಳೆಯ ಪೇಟೆ ಬೂದಿಯಾಗಿತ್ತು. ಯುದ್ಧದ ನಂತರ ಕಾರ್ಖಾನೆಗಳು ಮತ್ತೆ ಎದ್ದವು, ಅವುಗಳ ನೆರಳಿನಲ್ಲೇ ಕ್ರೀಡೆಯೂ ಬೆಳೆಯಿತು. ಪೂರ್ವ ಜರ್ಮನಿಯಲ್ಲಿ ಕ್ಲಬ್ ಎಂದರೆ ಶ್ರೀಮಂತನೊಬ್ಬನ ಆಸ್ತಿಯಲ್ಲ. ಕಾರ್ಖಾನೆಯೋ, ಸೈನ್ಯವೋ, ಪೊಲೀಸ್ ಇಲಾಖೆಯೋ ಅದರ ಬೆನ್ನಿಗಿರುತ್ತಿತ್ತು. ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. 1965-66ರಲ್ಲಿ ಸರ್ಕಾರ ಫುಟ್‌ಬಾಲನ್ನು ಇತರ ಆಟಗಳಿಂದ ಬೇರ್ಪಡಿಸಿ ಪ್ರತ್ಯೇಕ ಕ್ಲಬ್ಬುಗಳನ್ನು ರಚಿಸಿತು. ಜಿಲ್ಲೆಯ ಪ್ರತಿಭಾವಂತ ಹುಡುಗರನ್ನು ಆರಿಸಿ ಆಯಾ ಭಾಗದ ಕ್ಲಬ್ಬಿಗೆ ಒಪ್ಪಿಸುವುದು ಅದರ ಕ್ರಮ. 1965ರ ಡಿಸೆಂಬರಿನಲ್ಲಿ ಹೀಗೆ ಹುಟ್ಟಿದ್ದು 'ಒಂದನೇ ಎಫ್.ಸಿ. ಮಾಗ್ಡೆಬುರ್ಗ್'.

1966ರಲ್ಲಿ ಹೈನ್ಸ್ ಕ್ರೂಗೆಲ್ ತರಬೇತುದಾರರಾಗಿ ಬಂದಾಗ ಈ ತಂಡ ಎರಡನೇ ದರ್ಜೆಗೆ ಕುಸಿದಿತ್ತು. ಒಂದೇ ವರ್ಷದಲ್ಲಿ ಅವರು ಅದನ್ನು ಮತ್ತೆ ಮೇಲಕ್ಕೆ ತಂದರು. ಹೊರಗಿನಿಂದ ಹೆಸರಾಂತ ಆಟಗಾರರನ್ನು ಕರೆತರುವುದು ಆ ವ್ಯವಸ್ಥೆಯಲ್ಲಿ ಸುಲಭವಿರಲಿಲ್ಲ. ಸುತ್ತಲಿನ ಹಳ್ಳಿ ಪಟ್ಟಣಗಳ ಹುಡುಗರನ್ನೇ ಅವರು ತಿದ್ದಿ ತೀಡಿದರು. ಹಾಲ್ಬರ್‌ಸ್ಟಾಟ್‌ನ ಯೂರ್ಗೆನ್ ಸ್ಪಾರ್‌ವಾಸರ್, ಬುರ್ಗ್ ಊರಿನ ವುಲ್ಫ್‌ಗಾಂಗ್ ಸೆಗುಯಿನ್, ಗೊಮ್ಮರ್ನ್‌ನ ಮಾರ್ಟಿನ್ ಹಾಫ್‌ಮನ್, ನಾಯಕ ಮಾನ್‌ಫ್ರೆಡ್ ಜಾಫ್ ಎಲ್ಲರೂ ಅದೇ ಜಿಲ್ಲೆಯವರು. 1972ರಲ್ಲಿ ತಂಡ ಮೊದಲ ಬಾರಿಗೆ ಲೀಗ್ ಗೆದ್ದಿತು.

ಆ ದಿನಗಳಲ್ಲಿ ಯೂರೋಪಿನಲ್ಲಿ ಕ್ಲಬ್ಬುಗಳಿಗೆ ಮೂರು ಮುಖ್ಯ ಟೂರ್ನಿಗಳಿದ್ದವು. ಲೀಗ್ ಚಾಂಪಿಯನ್ನರಿಗೆ ಯೂರೋಪಿಯನ್ ಕಪ್. ದೇಶದೊಳಗಿನ ನಾಕೌಟ್ ಕಪ್ ಗೆದ್ದವರಿಗೆ ಕಪ್ ವಿಜೇತರ ಕಪ್; 1999ರಲ್ಲಿ ನಿಂತುಹೋದ ಟೂರ್ನಿ ಇದು. ಲೀಗಿನಲ್ಲಿ ಚಾಂಪಿಯನ್ನರ ನಂತರದ ಸ್ಥಾನ ಪಡೆದವರಿಗೆ ಯುಇಎಫ್‌ಎ ಕಪ್. 1973ರಲ್ಲಿ ಲೋಕೋಮೋಟಿವ್ ಲೈಪ್‌ಜಿಗ್ ತಂಡವನ್ನು ಸೋಲಿಸಿ ದೇಶದ ಕಪ್ ಗೆದ್ದಿದ್ದ ಮಾಗ್ಡೆಬುರ್ಗ್ ಎರಡನೆಯ ಟೂರ್ನಿಗೆ ಅರ್ಹತೆ ಪಡೆಯಿತು.

ದಾರಿ ಸುಗಮವಾಗಿರಲಿಲ್ಲ. ಮೊದಲ ಸುತ್ತಿನಲ್ಲಿ ಹಾಲೆಂಡಿನ ಎನ್.ಎ.ಸಿ. ಬ್ರೇಡಾ ವಿರುದ್ಧ ಗೋಲಿಲ್ಲದ ಡ್ರಾ, ತವರಿನಲ್ಲಿ 2-0 ಜಯ. ಎರಡನೇ ಸುತ್ತಿನಲ್ಲಿ ಜೆಕೊಸ್ಲೊವಾಕಿಯದ ಬಾನಿಕ್ ಓಸ್ಟ್ರಾವಾ ಎದುರು 2-0 ಸೋಲು. ಕತೆ ಇಲ್ಲಿಗೇ ಮುಗಿಯಿತು ಎನ್ನುವಾಗ, ತವರಿನ ಮರುಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 3-0ರಿಂದ ಗೆದ್ದು ಉಳಿದುಕೊಂಡಿತು. ಬಲ್ಗೇರಿಯದ ಬೆರೊಯೆ ತಂಡವನ್ನು ದಾಟಿದ ಮೇಲೆ ಸೆಮಿಫೈನಲ್‌ನಲ್ಲಿ ಎದುರಾದದ್ದು ಪೋರ್ಚುಗಲ್‌ನ ಸ್ಪೋರ್ಟಿಂಗ್ ಲಿಸ್ಬನ್. ಲಿಸ್ಬನ್‌ನಲ್ಲಿ 1-1. ಏಪ್ರಿಲ್ 24ರಂದು ಮಾಗ್ಡೆಬುರ್ಗ್‌ನಲ್ಲಿ 2-1 ಜಯ. ಗೆಲುವಿನ ಗೋಲು ಸ್ಪಾರ್‌ವಾಸರ್ ಅವರದು. ಮರುದಿನ ಬೆಳಗಾಗುವಷ್ಟರಲ್ಲಿ ಲಿಸ್ಬನ್ ಬೀದಿಗಳಲ್ಲಿ ಸೈನಿಕರಿದ್ದರು, ದಶಕಗಳ ಸರ್ವಾಧಿಕಾರ ಉರುಳಿತ್ತು. ಸೋತ ಆಟಗಾರರು ಮರಳಬೇಕಾಗಿದ್ದುದು ಅವರು ಬಿಟ್ಟುಬಂದ ದೇಶಕ್ಕಲ್ಲ, ಬೇರೆಯದೇ ಆದ ಪೋರ್ಚುಗಲ್‌ಗೆ.

ಫೈನಲ್‌ನಲ್ಲಿ ಮಿಲಾನ್ ಕಡೆ ಜಾನಿ ರಿವೇರಾ ಇದ್ದರು, ಪಶ್ಚಿಮ ಜರ್ಮನಿಯ ಕಾರ್ಲ್‌ಹೈನ್ಸ್ ಷ್ನೆಲ್ಲಿಂಗರ್ ಇದ್ದರು. ಮಾಗ್ಡೆಬುರ್ಗ್ ಕಡೆ ಚೀರಲು ಜನರೇ ಇರಲಿಲ್ಲ. ಬರ್ಲಿನ್ ಗೋಡೆಯ ಆಚೆಗೆ ಹೋಗಲು ಸಾಮಾನ್ಯ ಅಭಿಮಾನಿಗೆ ಅನುಮತಿಯಿಲ್ಲ. ಅಧಿಕಾರಿಗಳು ಆರಿಸಿದ ಕೆಲವರಿಗಷ್ಟೇ ಪ್ರಯಾಣದ ಭಾಗ್ಯ. ವಿರಾಮಕ್ಕೆ ಸ್ವಲ್ಪ ಮುಂಚೆ ಮಿಲಾನ್‌ನ ಎನ್ರಿಕೊ ಲಾನ್ಸಿ ತಡೆಯಲು ಹೋಗಿ ಚೆಂಡನ್ನು ತಮ್ಮದೇ ಗೋಲಿಗೆ ತಳ್ಳಿದರು. 74ನೇ ನಿಮಿಷದಲ್ಲಿ ಸೆಗುಯಿನ್ ಎರಡನೆಯದನ್ನು ಹೊಡೆದರು. ಅದೇ ಋತುವಿನಲ್ಲಿ ದೇಶದ ಲೀಗ್ ಪ್ರಶಸ್ತಿಯೂ ಮಾಗ್ಡೆಬುರ್ಗ್ ಪಾಲಾಯಿತು. ಆರು ವಾರಗಳ ನಂತರ, ಜೂನ್ 22ರಂದು, ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿಯನ್ನು ಅದರದೇ ಹ್ಯಾಂಬರ್ಗ್ ನಗರದಲ್ಲಿ 1-0ರಿಂದ ಸೋಲಿಸಿದ ಗೋಲನ್ನು ಹೊಡೆದವರೂ ಇದೇ ಸ್ಪಾರ್‌ವಾಸರ್. ಸಮಾಜವಾದಿ ವ್ಯವಸ್ಥೆಯ ಹಿರಿಮೆಗೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಸರ್ಕಾರ ಬೀಗಿತು.

ಆದರೆ ಆ ಹಿರಿಮೆಯ ಶಿಲ್ಪಿ ಕ್ರೂಗೆಲ್ ಹೇಳಿದಂತೆ ಕೇಳುವ ಮನುಷ್ಯನಲ್ಲ. ಆಟದ ವಿಷಯದಲ್ಲಿ ಪಕ್ಷದ ಪದಾಧಿಕಾರಿಗಳು ಮೂಗು ತೂರಿಸುವುದನ್ನು ಅವರು ಸಹಿಸುತ್ತಿರಲಿಲ್ಲ. 1974ರ ಶರತ್ಕಾಲದಲ್ಲಿ ಯೂರೋಪಿಯನ್ ಕಪ್‌ನಲ್ಲಿ ಮಾಗ್ಡೆಬುರ್ಗ್‌ಗೆ ಎದುರಾಳಿಯಾಗಿ ಬಂದದ್ದು ಪಶ್ಚಿಮದ ಬಯರ್ನ್ ಮ್ಯೂನಿಕ್. ಮ್ಯೂನಿಕ್‌ನಲ್ಲಿ ವಿರಾಮದ ವೇಳೆಗೆ 2-0 ಮುಂದಿದ್ದ ಮಾಗ್ಡೆಬುರ್ಗ್ ಕೊನೆಗೆ 3-2ರಿಂದ ಸೋತಿತು. ಮಾಗ್ಡೆಬುರ್ಗ್‌ನ ಮರುಪಂದ್ಯದಲ್ಲಿ ಗುಪ್ತ ಪೊಲೀಸ್ ಪಡೆ 'ಸ್ಟಾಸಿ' ಎದುರಾಳಿಗಳ ಕೋಣೆಯಲ್ಲಿ ಕದ್ದು ಕೇಳುವ ಸಾಧನ ಇರಿಸಿತ್ತೆಂದೂ, ಅಲ್ಲಿ ಕೇಳಿಸಿಕೊಂಡದ್ದನ್ನು ಬಳಸಿಕೊಳ್ಳಲು ತಾವು ಒಪ್ಪಲಿಲ್ಲವೆಂದೂ ಕ್ರೂಗೆಲ್ ಮುಂದೆ ಹೇಳಿಕೊಂಡರು. ಆ ಪಂದ್ಯವನ್ನು ಬಯರ್ನ್ 2-1ರಿಂದ ಗೆದ್ದಿತು.

1975ರಲ್ಲಿ ತಂಡ ಮತ್ತೆ ಲೀಗ್ ಗೆದ್ದಿತು. 1976ರಲ್ಲಿ ಕ್ರೂಗೆಲ್ ಅವರನ್ನು ವಜಾ ಮಾಡಲಾಯಿತು. ಒಲಿಂಪಿಕ್ಸ್‌ಗೆ ಬೇಕಾದ ಆಟಗಾರರನ್ನು ಸಾಕಷ್ಟು ಬೆಳೆಸಲಿಲ್ಲ ಎಂಬುದು ಅಧಿಕೃತ ಕಾರಣ. ಅದೇ ಬೇಸಿಗೆಯಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಪೂರ್ವ ಜರ್ಮನಿ ಪೋಲೆಂಡನ್ನು ಸೋಲಿಸಿ ಚಿನ್ನ ಗೆದ್ದಿತು. ಮೂರು ಗೋಲುಗಳಲ್ಲಿ ಒಂದನ್ನು ಹೊಡೆದವರು ಕ್ರೂಗೆಲ್ ಗರಡಿಯ ಹಾಫ್‌ಮನ್! ಉನ್ನತ ಮಟ್ಟದಲ್ಲಿ ತರಬೇತಿ ನೀಡುವ ಬಾಗಿಲು ಅವರಿಗೆ ಶಾಶ್ವತವಾಗಿ ಮುಚ್ಚಿತು. ಅದೇ ಊರಿನ ಸಣ್ಣ ಕ್ರೀಡಾ ಸಂಘವೊಂದರಲ್ಲಿ ಮೈದಾನ, ಕಟ್ಟಡಗಳನ್ನು ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂತು. ಇನ್ನು ವ್ಯವಸ್ಥೆಯ ಕಣ್ಮಣಿಯಾಗಿದ್ದ ಸ್ಪಾರ್‌ವಾಸರ್? 1988ರಲ್ಲಿ ಹಿರಿಯ ಆಟಗಾರರ ಟೂರ್ನಿಗೆಂದು ಪಶ್ಚಿಮ ಜರ್ಮನಿಗೆ ಹೋದವರು ಹಿಂದಿರುಗಲೇ ಇಲ್ಲ.

1989ರಲ್ಲಿ ಗೋಡೆ ಬಿತ್ತು. ಕ್ರೂಗೆಲ್ ಅವರ ಮೇಲಿದ್ದ ಕಳಂಕವನ್ನು ಫುಟ್‌ಬಾಲ್ ಸಂಸ್ಥೆ ಅಳಿಸಿತು, ಆದರೆ ಆ ಹೊತ್ತಿಗೆ ಅವರ ವಯಸ್ಸು ಎಪ್ಪತ್ತರ ಹತ್ತಿರ. ಹಣವೇ ಆಳುವ ಹೊಸ ಕಾಲದಲ್ಲಿ ಕ್ಲಬ್ ಕೆಳಗಿನ ದರ್ಜೆಗಳಿಗೆ ಜಾರಿ, 2002ರಲ್ಲಿ ದಿವಾಳಿಯನ್ನೂ ಕಂಡಿತು. ಜರ್ಮನಿಯ ಎರಡನೇ ದರ್ಜೆಯ ಲೀಗ್ ಮುಟ್ಟಲು ಅದು 2018ರವರೆಗೆ ಕಾಯಬೇಕಾಯಿತು.

ಕ್ರೂಗೆಲ್ 2008ರಲ್ಲಿ ಮಾಗ್ಡೆಬುರ್ಗ್‌ನಲ್ಲೇ ತೀರಿಕೊಂಡರು. ಕ್ರೀಡಾಂಗಣದ ಎದುರಿನ ಚೌಕಕ್ಕೆ ಊರಿನವರು ಅವರ ಹೆಸರಿಟ್ಟಿದ್ದಾರೆ. ಅವರನ್ನು ಕಿತ್ತುಹಾಕಿದ ಪಕ್ಷವೂ ಇಲ್ಲ, ಆ ದೇಶವೂ ಇಲ್ಲ. ಅಂದು ರಾಟರ್‌ಡ್ಯಾಮಿಗೆ ಹೋಗಲು ಬಿಡದ ಜನ ಈಗ ಪಂದ್ಯ ನೋಡಲು ಅದೇ ಚೌಕ ಹಾದು ಒಳಗೆ ಹೋಗುತ್ತಾರೆ.