ಅಪ್‌ಡೇಟ್ ಬಳಿಕ ಪರದೆ ಕಪ್ಪಾದರೆ ಫಾರ್ಮ್ಯಾಟ್ ಮಾಡಿಸಬೇಕಿಲ್ಲ

ಕೇರಳದ ಇತರ ಶಾಲೆಗಳಂತೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಮಕ್ಕಳು ಐಟಿ ಪಾಠವನ್ನು ಕಲಿಯುವುದು ಲಿನಕ್ಸ್ ಗಣಕಯಂತ್ರದಲ್ಲಿ. ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿ ರೂಪಿಸಿದ ಈ ವ್ಯವಸ್ಥೆಯನ್ನು ಮನೆಯ ಗಣಕಯಂತ್ರದಲ್ಲಿಯೂ ಅಳವಡಿಸಿಕೊಂಡವರಿದ್ದಾರೆ. ಅಪ್‌ಡೇಟ್ ಮುಗಿದ ಮರುದಿನ ಪರದೆ ಕಪ್ಪಾಗಿಯೇ ಉಳಿದರೆ, ಐಟಿ ಪ್ರಾಯೋಗಿಕ ಪರೀಕ್ಷೆ ಸಮೀಪಿಸಿದ ಮಗುವಿಗೂ ಹೆತ್ತವರಿಗೂ ದಿಗಿಲಾಗುವುದು ಸಹಜ. ಫಾರ್ಮ್ಯಾಟ್ ಮಾಡಿಸಿದರೆ ಮಕ್ಕಳ ಕಡತಗಳೆಲ್ಲ ಅಳಿದುಹೋಗಬಹುದು. ಆದರೆ ಬಹುತೇಕ ಸಂದರ್ಭಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ.

ಹೀಗಾಗುವುದೇಕೆ? ಯಂತ್ರದ ಭಾಗಗಳನ್ನೂ ತಂತ್ರಾಂಶಗಳನ್ನೂ ಬೆಸೆಯುವ ತಿರುಳೇ ಕರ್ನಲ್. ಪರದೆಯ ಮೇಲೆ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಡ್ರೈವರ್. ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್‌ಗೆ ಬೇಕಾದ ಡ್ರೈವರ್ ಕರ್ನಲ್‌ನೊಳಗೇ ಇರುತ್ತದೆ. ಎನ್‌ವಿಡಿಯಾ ಸಂಸ್ಥೆಯ ಡ್ರೈವರ್ ಮಾತ್ರ ಬೇರೆಯಾಗಿ ಬರುತ್ತದೆ. ಪ್ರತಿಯೊಂದು ಹೊಸ ಕರ್ನಲ್‌ಗೂ ಅದು ಮತ್ತೆ ಹೊಂದಿಕೊಳ್ಳಬೇಕು. ಅಪ್‌ಡೇಟ್ ನಡುವೆ ವಿದ್ಯುತ್ ಹೋದರೆ ಅಥವಾ ಡಿಸ್ಕ್‌ನಲ್ಲಿ ಜಾಗ ಸಾಲದಿದ್ದರೆ ಈ ಹೊಂದಾಣಿಕೆ ಅರ್ಧಕ್ಕೇ ನಿಲ್ಲುತ್ತದೆ.

ಸಮಾಧಾನದ ಸಂಗತಿಯೆಂದರೆ, ಹೊಸ ಕರ್ನಲ್ ಬಂದರೂ ಹಿಂದಿನದನ್ನು ಉಬುಂಟು ಸಾಮಾನ್ಯವಾಗಿ ಉಳಿಸಿಕೊಂಡಿರುತ್ತದೆ. ಗಣಕಯಂತ್ರವನ್ನು ಆನ್ ಮಾಡಿ, ತಯಾರಕರ ಚಿಹ್ನೆ ಮೂಡಿ ಮರೆಯಾಗುವಾಗ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಬೇಕು; ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಆಗ ಮೂಡುವ ಪಟ್ಟಿಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಎಂಬುದನ್ನು ತೆರೆದು, ‘ರಿಕವರಿ ಮೋಡ್’ ಎಂದು ಬರೆದಿರದ ಹಿಂದಿನ ಸಂಖ್ಯೆಯ ಕರ್ನಲ್ ಅನ್ನು ಆರಿಸಬೇಕು. ಪರದೆ ಮರಳಿ ಬಂದರೆ ಯಂತ್ರ ಕೆಟ್ಟಿಲ್ಲವೆಂದೇ ಅರ್ಥ. ಮೊದಲ ಕೆಲಸವಾಗಿ ಮಕ್ಕಳ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳೋಣ.

ಹಳೆಯ ಕರ್ನಲ್‌ನಲ್ಲಿಯೂ ಪರದೆ ಮೂಡದಿದ್ದರೆ ಇನ್ನೊಂದು ದಾರಿಯಿದೆ. ಅದೇ ಪಟ್ಟಿಯಲ್ಲಿ ಕರ್ನಲ್‌ನ ಹೆಸರಿನ ಮೇಲೆ ನಿಂತು ‘ಇ’ ಅಕ್ಷರವನ್ನು ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಇಂಗ್ಲಿಷಿನಲ್ಲಿ, ಒಂದೇ ಪದವಾಗಿ ಬರೆದು ಎಫ್10 ಒತ್ತಬೇಕು. ಚಿತ್ರ ಒರಟಾಗಿ ಕಂಡರೂ ದುರಸ್ತಿಗೆ ಸಾಕು. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುತ್ತದೆ.

ಬಳಿಕ ಅಂತರ್ಜಾಲ ಸಂಪರ್ಕದೊಂದಿಗೆ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆರೆದು, ‘ಅಡಿಷನಲ್ ಡ್ರೈವರ್ಸ್’ ವಿಭಾಗದಲ್ಲಿ ‘ಟೆಸ್ಟೆಡ್’ ಎಂದು ಗುರುತಿಸಿದ ಡ್ರೈವರ್ ಅನ್ನು ಆರಿಸಿ, ಅಳವಡಿಕೆ ಮುಗಿದ ಮೇಲೆ ಯಂತ್ರವನ್ನು ಮತ್ತೆ ಆರಂಭಿಸಬೇಕು. ‘ಸೆಕ್ಯೂರ್ ಬೂಟ್’ ಎಂಬ ಭದ್ರತೆ ಚಾಲ್ತಿಯಲ್ಲಿದ್ದರೆ ಅಳವಡಿಸುವಾಗ ಗುಪ್ತಪದವೊಂದನ್ನು ಕೇಳಬಹುದು. ಮರು ಆರಂಭದಲ್ಲಿ ನೀಲಿ ಪರದೆ ಕಾಣಿಸಿಕೊಂಡರೆ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಗುಪ್ತಪದವನ್ನು ನೀಡಬೇಕು. ಇದನ್ನು ಕಡೆಗಣಿಸಿದರೆ ಡ್ರೈವರ್ ಅಳವಟ್ಟಿದ್ದರೂ ಕೆಲಸ ಮಾಡುವುದಿಲ್ಲ. ಇಂಟೆಲ್ ಅಥವಾ ಎಎಂಡಿ ಯಂತ್ರವಾದರೆ ಮುಂದಿನ ಅಪ್‌ಡೇಟ್ ಬರುವವರೆಗೆ ಹಳೆಯ ಕರ್ನಲ್‌ನಲ್ಲಿಯೇ ಮುಂದುವರಿಯಬಹುದು.

ಪರೀಕ್ಷೆಯ ಹಿಂದಿನ ದಿನವಾಗಲಿ, ಗುಡುಗು ಮಳೆಗೆ ವಿದ್ಯುತ್ ಕೈಕೊಡುವ ಸಂಜೆಗಳಲ್ಲಾಗಲಿ ಅಪ್‌ಡೇಟ್‌ಗೆ ಕೈಹಾಕದಿರುವುದು ಲೇಸು. ರಜೆಯ ದಿನ ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಕರ್ನಲ್ ಆರಿಸುವ ಕ್ರಮವನ್ನು ಒಮ್ಮೆ ಮಾಡಿ ನೋಡಿದರೆ, ಮುಂದೆ ಪರದೆ ಕಪ್ಪಾದಾಗ ಅವರೇ ದಾರಿ ತೋರಿಸಿಯಾರು.