ಸಿಹಿ ನೆನಪಿನಲ್ಲಿ ಯಾರ ಪಾಲು ಎಷ್ಟು?

ಮನುಷ್ಯನು ಐವತ್ತು ದಾಟಿದನೆಂದರೆ ಅವನ ಮಾತು ತಾನಾಗಿಯೇ ಹಿಂದಕ್ಕೆ ಹೊರಳುವದು. ಕಿತ್ತೂರಿನ ಚಹದ ಅಂಗಡಿಯಲ್ಲಿ, ಬೈಲಹೊಂಗಲದ ಸಂತೆಯಲ್ಲಿ, ಸವದತ್ತಿ ರಾಮದುರ್ಗಗಳ ಬಸ್ ನಿಲ್ದಾಣಗಳಲ್ಲಿ, ಎಲ್ಲಿ ನಾಲ್ಕು ಜನ ಹಿರಿಯರು ಕೂಡಿದರೂ "ನಮ್ಮ ಕಾಲದಾಗ ಹಿಂಗಿರಲಿಲ್ಲ" ಎಂಬ ಪಲ್ಲವಿಯು ಕಿವಿಗೆ ಬೀಳದೆ ಇರದು. ನಮ್ಮ ಕಾರ್ಯಾಲಯಕ್ಕೆ ವಾಚಕರು ಕಳಿಸಿಕೊಡುವ ಲೇಖನಗಳಲ್ಲಿಯೂ ಬಾಲ್ಯದ ನೆನಪುಗಳದೇ ದೊಡ್ಡ ಪಾಲು. ಅವುಗಳನ್ನು ನಾವು ಸಂತೋಷದಿಂದಲೇ ಅಚ್ಚು ಹಾಕಿಸುತ್ತ ಬಂದಿದ್ದೇವೆ. ಆದರೆ ಈಚೆಗೆ ಅಂಥ ಹತ್ತಾರು ಲೇಖನಗಳನ್ನು ಒಂದೆಡೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಬರೆದವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಅವರಲ್ಲಿಯೂ ಹತ್ತನೆಯ ಇಯತ್ತೆಯ ತನಕ ಶಾಲೆಯ ಮೆಟ್ಟಿಲು ಹತ್ತಿದವರು. ಒಂದು ತಲೆಮಾರಿನ ಬಾಲ್ಯದ ಕಥೆಯನ್ನು ಅದರ ಒಂದು ಪಾಲಿನ ಜನರೇ ಹೇಳುತ್ತಿದ್ದಾರೆಂದರೆ ಅದು ವಿಚಾರಕ್ಕೆ ಯೋಗ್ಯವಾದ ವಿಷಯವೆಂದು ನಮಗೆ ತೋರುವದು.

ಮೊದಲು ಸಿಹಿಯ ಮಾತನ್ನೇ ಆಡೋಣ. ಅದನ್ನು ಅಲ್ಲಗಳೆಯುವ ಇಚ್ಛೆ ನಮಗಿಲ್ಲ. 1970ರ ಮತ್ತು 1980ರ ದಶಕಗಳಲ್ಲಿ ಈ ಎರೆ ಹೊಲಗಳ ನಾಡಿನಲ್ಲಿ ಬೆಳೆದ ನಮ್ಮ ಓರಗೆಯವರು ವರ್ಷವನ್ನು ಹುಣ್ಣಿವೆ ಅಮಾವಾಸ್ಯೆಗಳಿಂದ ಎಣಿಸುತ್ತಿದ್ದರು. ಕಾರ ಹುಣ್ಣಿವೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವದು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ ಗ್ವಾದಲಿಯ ಸಹಿತ ಪೂಜೆಗೆ ಇಡುವದು. ನಾಗರ ಪಂಚಮಿಗೆ ಬೇವಿನ ಕೊಂಬೆಗೆ ಜೋಕಾಲಿ ಕಟ್ಟಿ, ಕಿಸೆಯಲ್ಲಿ ಅಳ್ಳು, ಕೈಯಲ್ಲಿ ಶೇಂಗಾ ಉಂಡಿ ಹಿಡಿದು ಮುಗಿಲು ಮುಟ್ಟುವಂತೆ ಜೀಕುವದು. ಸೀಗಿ ಹುಣ್ಣಿವೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವದು. ಜೋಳ ಹಾಲುಗಾಳಾದಾಗ ಸೀತನಿ, ಕಡಲೆ ಬಲಿತಾಗ ಹೊಲದಲ್ಲಿಯೇ ಸುಟ್ಟ ಸುಲಗಾಯಿ, ಗಾಣ ಹೂಡಿದಾಗ ಕಬ್ಬಿನ ತುಂಡಿಗೆ ಅಂಟಿಸಿಕೊಂಡ ಬಿಸಿ ಬೆಲ್ಲ. ಲಗೋರಿ, ಬುಗುರಿ, ಚಿಣಿಪಣಿಗಳ ಆಟಕ್ಕೆ ಒಂದು ಕಾಸಿನ ಖರ್ಚೂ ಇರಲಿಲ್ಲ. ಕತ್ತಲಾದ ಮೇಲೆ ತಾಯಂದಿರು ಹೆಸರು ಹಿಡಿದು ಕೂಗುವ ವರೆಗೆ ಓಣಿಯೆಲ್ಲ ನಮ್ಮದೇ ಆಗಿತ್ತು.

ಶಾಲೆಯ ನೆನಪೂ ಕಡಿಮೆ ಸಿಹಿಯಲ್ಲ. ಪಾಟಿಯ ಮೇಲಿನ ಅಕ್ಷರವನ್ನು ಅಂಗೈಯಿಂದ ಒರೆಸಿ ಮತ್ತೆ ಬರೆಯುವದು, ಸಾಲಾಗಿ ನಿಂತು ಮಗ್ಗಿಗಳನ್ನು ಒದರುವದು, ಮಧ್ಯಾಹ್ನ ಶಾಲೆಯಲ್ಲಿ ಕೊಡುತ್ತಿದ್ದ ಗೋದಿರವೆಯ ಉಪ್ಪಿಟ್ಟಿಗೆ ತಟ್ಟೆ ಹಿಡಿಯುವದು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಹೆದರುವದು, ಇವೆಲ್ಲ ಇಂದಿಗೂ ಮಾತಿನಲ್ಲಿ ಬರುವವು. ಸಂಜೆ 1950ರ ಜನೆವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಧ್ವನಿಯು ಪಂಚಾಯತಿಯ ರೇಡಿಯೋದಿಂದ ಕೇಳಿ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಅಟ್ಟ ಕಟ್ಟಿ ಆಟ ಹಚ್ಚುತ್ತಿದ್ದರು. ಬೈಲಹೊಂಗಲದ ಮಣ್ಣಿನ ಕಥೆಯಾದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಕಂಬಳಿ ಹೊದ್ದು ನಸುಕಿನ ತನಕ ನೋಡಿದವರು ನಮ್ಮಲ್ಲಿ ಅನೇಕರು. ಬಿ. ಆರ್. ಪಂತುಲು ಅವರು 1961ರಲ್ಲಿ ತೆಗೆದ 'ಕಿತ್ತೂರು ಚೆನ್ನಮ್ಮ' ಚಿತ್ರವು ನಮ್ಮ ಕಾಲಕ್ಕೆ ಹಳೆಯದಾಗಿದ್ದರೂ ಅದು ಟೂರಿಂಗ್ ಟಾಕೀಜಿಗೆ ಬಂತೆಂದರೆ ಊರಿಗೆ ಊರೇ ನೆರೆಯುತ್ತಿತ್ತು.

ಇವೆಲ್ಲಕ್ಕೂ ಮಿಗಿಲಾದದ್ದು ಎಲ್ಲಮ್ಮನ ಗುಡ್ಡದ ಜಾತ್ರೆ. ಭಾರತ ಹುಣ್ಣಿವೆ ಸಮೀಪಿಸಿತೆಂದರೆ ಗಾಡಿಗಳಿಗೆ ಸವಾರಿ ಕಟ್ಟಿ, ಎತ್ತಿನ ಕೊರಳಿಗೆ ಗೆಜ್ಜೆ ಹಾಕಿ, ರೊಟ್ಟಿ ಚಟ್ನಿಪುಡಿಗಳ ಗಂಟು ಸಹಿತ ಓಣಿಗೆ ಓಣಿಯೇ ಸವದತ್ತಿಯ ದಾರಿ ಹಿಡಿಯುತ್ತಿತ್ತು. ದಾರಿಯುದ್ದಕ್ಕೂ "ಉಧೋ ಉಧೋ" ಎಂಬ ಘೋಷ, ಜೋಗತಿಯರ ಚೌಡಿಕೆಯ ನಾದ, ಜೋಗುಳಬಾವಿಯ ಸ್ನಾನ, ಗುಡ್ಡದ ಮೇಲೆ ಪಡ್ಡಲಗಿ ತುಂಬುವ ಸಡಗರ, ಹಣೆಯ ತುಂಬ ಭಂಡಾರ. ಆ ಹಳದಿ ಬಣ್ಣವು ಊರಿಗೆ ಮರಳಿದ ಮೇಲೂ ಎಂಟು ದಿನ ಅಂಗಿಯ ಮೇಲೆ ಉಳಿಯುತ್ತಿತ್ತು. ನಮ್ಮಲ್ಲಿಗೆ ಬರುವ ನೆನಪಿನ ಲೇಖನಗಳಲ್ಲಿ ಈ ಜಾತ್ರೆಯ ವರ್ಣನೆ ಇಲ್ಲದ್ದು ದುರ್ಲಭ.

ಅದೇ ಜಾತ್ರೆಗೆ, ಅದೇ ದಾರಿಯಿಂದ, ನಮ್ಮ ಓರಗೆಯ ಬೇರೆ ಕೆಲವು ಮಕ್ಕಳೂ ಹೋಗುತ್ತಿದ್ದರು. ಮನೆಯಲ್ಲಿ ಬಿಡದ ಬೇನೆಗೆ ಹರಕೆ ಹೊತ್ತದ್ದಕ್ಕೆ, ಗಂಡು ಸಂತಾನವಿಲ್ಲದ್ದಕ್ಕೆ, ತಲೆಗೂದಲು ಜಡೆಗಟ್ಟಿತೆಂಬ ಕಾರಣಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಬಡತನಕ್ಕೆ ಅವರ ಕೊರಳಲ್ಲಿ ಮುತ್ತು ಕಟ್ಟಲಾಗುತ್ತಿತ್ತು. ಬಹುತೇಕ ದಲಿತ ಕುಟುಂಬಗಳ ಮಕ್ಕಳು ಅವರು. ಭಂಡಾರದ ಬಣ್ಣವು ನಮ್ಮ ಅಂಗಿಯಿಂದ ಎಂಟು ದಿನಕ್ಕೆ ಹೋಯಿತು. ಅವರ ಪಾಲಿಗೆ ಬಾಲ್ಯವೆಂಬದೇ ಅಂದಿಗೆ ಮುಗಿಯಿತು. ಗಂಡನಿಲ್ಲದ ಸಂಸಾರ, ತಂದೆಯ ಹೆಸರಿಲ್ಲದ ಮಕ್ಕಳು, ವಯಸ್ಸಾದ ಮೇಲೆ ಭಿಕ್ಷೆಯ ಜೋಳಿಗೆ. ದೇವಿಯ ಮೇಲಿನ ಭಕ್ತಿಗೂ ಈ ಅನ್ಯಾಯಕ್ಕೂ ಸಂಬಂಧವಿಲ್ಲ. ಭಕ್ತಿಯ ಹೆಸರನ್ನು ಮುಂದೆ ಮಾಡಿ ಬಡವರ ಹೆಣ್ಣು ಮಕ್ಕಳನ್ನು ಉಳ್ಳವರ ಉಪಯೋಗಕ್ಕೆ ಒದಗಿಸಿದ ವ್ಯವಸ್ಥೆ ಅದಾಗಿತ್ತು.

ಕಾಯಿದೆ ಇರಲಿಲ್ಲವೆಂದಲ್ಲ. ಈ ಭಾಗವು ಮುಂಬಯಿ ಇಲಾಖೆಯಲ್ಲಿದ್ದಾಗ 1934ರಲ್ಲಿಯೇ ದೇವದಾಸಿ ಸಂರಕ್ಷಣೆಯ ಕಾಯಿದೆ ಬಂದಿತ್ತು. ಕರ್ನಾಟಕದ ಶಾಸನಸಭೆಯು ಮುತ್ತು ಕಟ್ಟುವದನ್ನು ಅಪರಾಧವೆಂದು ಸಾರಿ 1982ರಲ್ಲಿ ಇನ್ನೊಂದು ಕಾಯಿದೆಯನ್ನು ಮಾಡಿತು. ಆ ವರ್ಷಗಳಲ್ಲಿ ನಮ್ಮ ತಲೆಮಾರಿನವರು ಶಾಲೆಯಲ್ಲಿದ್ದರು. ತರುವಾಯ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು 1993-94ರಲ್ಲಿ ನಡೆಸಿದ ಸಮೀಕ್ಷೆಯು 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಸಮೀಕ್ಷೆಯು ಮತ್ತೂ 23,787 ಜನರನ್ನು ಸೇರಿಸಿತು. ಒಟ್ಟು 46,660. ಈ ಅಂಕಿಯ ಹಿಂದೆ ಅಷ್ಟೇ ಬಾಲ್ಯಗಳಿವೆ. ಆ ಹೆಣ್ಣುಮಕ್ಕಳು ಇನ್ನೊಬ್ಬರ ಮರುಕವನ್ನು ಕಾಯುತ್ತ ಕೂಡ್ರಲಿಲ್ಲವೆಂಬದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಕೂಡಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿ, ಹೊಸದಾಗಿ ಮುತ್ತು ಕಟ್ಟುವದನ್ನು ತಡೆಯುವ ಕೆಲಸಕ್ಕೆ ತಾವೇ ನಿಂತರು.

ಮುತ್ತು ಕಟ್ಟಿಸಿಕೊಳ್ಳದ ಹುಡುಗಿಯರ ಪಾಲಾದರೂ ತುಂಬಿತ್ತೇ? ನಮ್ಮ ಊರಿನ ಕನ್ನಡ ಶಾಲೆಯ ಒಂದನೆಯ ಇಯತ್ತೆಯಲ್ಲಿ ಹಾಜರಿ ಕರೆಯುವಾಗ ಹತ್ತು ಹನ್ನೆರಡು ಹುಡುಗಿಯರ ಹೆಸರು ಕೇಳುತ್ತಿದ್ದವು. ನಾಲ್ಕನೆಯದಕ್ಕೆ ಅವು ಐದಾರಾದವು. ಮುಲ್ಕಿ ಪರೀಕ್ಷೆಗೆ ಕುಳಿತವರು ಇಬ್ಬರು. ಉಳಿದವರು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಶಾಲೆಯ ದಾರಿಯಲ್ಲಿಯೇ ದಿನವೂ ಕಾಣುತ್ತಿದ್ದರು: ಒಬ್ಬಳ ಬಗಲಲ್ಲಿ ತಮ್ಮ, ಇನ್ನೊಬ್ಬಳ ತಲೆಯ ಮೇಲೆ ಸಗಣಿಯ ಬುಟ್ಟಿ, ಮತ್ತೊಬ್ಬಳ ಕೈಯಲ್ಲಿ ಕಳೆ ತೆಗೆಯುವ ಕುರುಪಿ. ಇದು ನಮ್ಮ ಒಂದೂರಿನ ಮಾತಲ್ಲವೆಂಬದಕ್ಕೆ ಜನಗಣತಿಯೇ ಸಾಕ್ಷಿ. 1981ರಲ್ಲಿ ಕರ್ನಾಟಕದ ಏಳು ವರ್ಷ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ ಸುಮಾರು 59 ಜನ ಓದುಬರಹ ಬಲ್ಲವರಿದ್ದರೆ ಹೆಂಗಸರಲ್ಲಿ ಅಂಥವರು 33 ಮಾತ್ರ. ಬಾಲ್ಯದ ಲೇಖನ ಬರೆದವರಲ್ಲಿ ಹೆಂಗಸರು ಏಕಿಲ್ಲವೆಂಬ ಪ್ರಶ್ನೆಗೆ ಅರ್ಧ ಉತ್ತರವು ಈ ಅಂಕಿಯಲ್ಲಿಯೇ ಇದೆ.

ಇದು ನಡೆದದ್ದು ಯಾವ ನಾಡಿನಲ್ಲಿ? 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಇಂಗ್ಲಿಷರ ಸೈನ್ಯವನ್ನು ಸೋಲಿಸಿ ಕಲೆಕ್ಟರ ಥ್ಯಾಕರೆಯನ್ನು ಕೆಡವಿದ ರಾಣಿ ಚೆನ್ನಮ್ಮನ ನಾಡಿನಲ್ಲಿ. 1829ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ ಆ ಮಹಾತಾಯಿಯ ಸಮಾಧಿಯು ಬೈಲಹೊಂಗಲದಲ್ಲಿದೆ. ಅದೇ ತಾಲೂಕಿನ ಬೆಳವಡಿಯ ಮಲ್ಲಮ್ಮನು ಹೆಣ್ಣಾಳುಗಳ ದಂಡನ್ನೇ ಕಟ್ಟಿ ಕಾದಿದಳೆಂದು ಪ್ರತೀತಿ. ಈ ಕಥೆಗಳನ್ನು ಕೇಳದೆ ಬೆಳೆದ ಮಗು ಇಲ್ಲಿ ಒಂದೂ ಇರಲಾರದು. ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಶಾಲೆಯು ಕಿತ್ತೂರಿನಲ್ಲಿ 1969ರಷ್ಟು ಹಿಂದೆಯೇ ಆರಂಭವಾಗಿ, ಸೈನಿಕ ಶಿಸ್ತಿನಲ್ಲಿ ಹುಡುಗಿಯರನ್ನು ಬೆಳೆಸುತ್ತಿತ್ತು. ಸಮವಸ್ತ್ರ ತೊಟ್ಟು ಕವಾಯತು ಮಾಡುವ ಆ ಹುಡುಗಿಯರನ್ನು ಕಂಡು ನಾವು ಬೆರಗಾಗುತ್ತಿದ್ದೆವು. ಹುಡುಗಿಯೊಬ್ಬಳಿಗೆ ಅವಕಾಶ ದೊರೆತರೆ ಏನಾಗಬಲ್ಲಳೆಂಬ ನಿದರ್ಶನವು ಹೀಗೆ ಕಣ್ಣ ಮುಂದೆಯೇ ಇತ್ತು. ತಥಾಪಿ ನೆರೆಯ ಹಳ್ಳಿಗಳಲ್ಲಿ ಚೆನ್ನಮ್ಮನ ಲಾವಣಿ ಕೇಳಿ ಕಣ್ಣೊರೆಸಿಕೊಂಡ ಹಿರಿಯರೇ ಮರುದಿನ ಮಗಳ ಪಾಟಿಯನ್ನು ಗೂಡಿನಲ್ಲಿ ಇರಿಸುತ್ತಿದ್ದರು.

ಹುಡುಗರಲ್ಲಿಯೂ ಎಲ್ಲರ ಪಾಲು ಸಮನಾಗಿರಲಿಲ್ಲ. ವರ್ಷಕ್ಕಿಷ್ಟು ಕಾಳೆಂದು ಮಾತಾಡಿಕೊಂಡು ದೊಡ್ಡವರ ಮನೆಯಲ್ಲಿ ದನ ಕಾಯಲು ನಿಂತ ಹುಡುಗನಿಗೆ ನಮ್ಮ ಲಗೋರಿಯು ದೂರದಿಂದ ನೋಡುವ ಆಟವಾಗಿತ್ತು. ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಲ್ಲಿ 1970ರ ದಶಕದ ಆರಂಭದಲ್ಲಿ ನೀರು ನಿಂತಾಗ ನದೀತೀರದ ಹಳ್ಳಿಗಳ ಮಕ್ಕಳು ಮನೆ, ಗುಡಿ, ಆಟದ ಬಯಲುಗಳನ್ನು ಬಿಟ್ಟು ಗುಡ್ಡ ಹತ್ತಬೇಕಾಯಿತು. ನಮಗೆ ಬೇಕೆನಿಸಿದಾಗ ಹಳೆಯ ಓಣಿಯಲ್ಲಿ ಒಂದು ಸುತ್ತು ಹಾಕಿ ಬರಬಹುದು. ಅವರ ಓಣಿಯು ರೇಣುಕಾಸಾಗರದ ತಳದಲ್ಲಿದೆ. ಆ ನೀರನ್ನು ನಂಬಿದ ಕಾಲುವೆಯ ಕೆಳಗಿನ ರೈತರಿಗೂ ನೆಮ್ಮದಿ ಇರಲಿಲ್ಲ. ಅಭಿವೃದ್ಧಿ ಕರದ ಹೊರೆಯು ಸಹಿಸದೆ ಹೋಗಿ, 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರು ಎದ್ದುದೂ ಗುಂಡು ಹಾರಿದುದೂ ನಾಡಿಗೆಲ್ಲ ತಿಳಿದ ಇತಿಹಾಸ. ಅಂದು ತಂದೆಯನ್ನು ಕಳೆದುಕೊಂಡ ಮನೆಯ ಮಗುವಿಗೆ ಆ ವರ್ಷದ ಪಂಚಮಿಯ ಉಂಡಿ ಹೇಗೆ ಸಿಹಿಯಾದೀತು?

ಇಷ್ಟು ಹೇಳಿದ ಮಾತ್ರಕ್ಕೆ ಇಂದಿನದೆಲ್ಲ ಲೇಸು, ಅಂದಿನದೆಲ್ಲ ಹೊಲ್ಲ ಎಂದು ನಮ್ಮ ಅಭಿಪ್ರಾಯವಲ್ಲ. ಆಟದ ಬಯಲುಗಳು ನಿವೇಶನಗಳಾದದ್ದು ನಷ್ಟ. ಮಕ್ಕಳ ಕಣ್ಣು ಕೈಯಂಗಲದ ಮೊಬೈಲಿಗೆ ಅಂಟಿದ್ದು ನಷ್ಟ. ಸೀತನಿ, ಚರಗ, ಗ್ವಾದಲಿ ಎಂಬ ಶಬ್ದಗಳ ಅರ್ಥವನ್ನು ಕನ್ನಡದ ಮಕ್ಕಳಿಗೇ ಬಿಡಿಸಿ ಹೇಳಬೇಕಾಗಿ ಬಂದದ್ದು ಎಲ್ಲಕ್ಕಿಂತ ದೊಡ್ಡ ನಷ್ಟ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಓದಬೇಕು. 2002-03ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಶಾಲೆಗೆ ಬಂತು. 2006-07ರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಬಂದು, ಹುಡುಗಿಯರು ಸಾಲುಸಾಲಾಗಿ ನೆರೆಯೂರಿನ ಹೈಸ್ಕೂಲಿಗೆ ಹೋಗುವ ನೋಟವನ್ನು ನಾವು ಕಣ್ಣಾರೆ ಕಂಡೆವು. 2011ರ ಜನಗಣತಿಯ ವೇಳೆಗೆ ರಾಜ್ಯದ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ 33ರಿಂದ 68ಕ್ಕೆ ಏರಿದ್ದರು. ಹಳೆಯ ಕಾಲ ಮರಳಿ ಬರಲೆಂದು ಹಂಬಲಿಸುವವರು ಈ ಸೈಕಲ್ಲಿನ ಹುಡುಗಿಯನ್ನು ಮತ್ತೆ ಸಗಣಿಯ ಬುಟ್ಟಿಯ ಹತ್ತಿರ ಕಳಿಸಲು ಸಿದ್ಧರಿರುವರೇ? ಸಿದ್ಧರಿರುವದಿಲ್ಲವೆಂದೇ ನಾವು ನಂಬಿದ್ದೇವೆ. ಹಾಗಾದರೆ ಮರಳಿ ಬೇಡಬೇಕಾದದ್ದು ಆ ಬಯಲು, ಆ ನುಡಿ, ಆ ನೆರೆಹೊರೆ. ಮತ್ತು ಅವುಗಳಲ್ಲಿ ಈ ಸಲ ಎಲ್ಲ ಮಕ್ಕಳಿಗೂ ಪಾಲು.

ನೆನಪಿನ ಮಾತಿಗೆ ಬಂದರೆ ಮಾಡಬೇಕಾದ ಕೆಲಸವೊಂದು ನಮ್ಮ ಕೈಯಲ್ಲಿಯೇ ಇದೆ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದರು. ಅಕ್ಷರ ಬಾರದ ತಾಯಂದಿರಲ್ಲಿ ಎಂಥ ಸಾಹಿತ್ಯವಿತ್ತೆಂಬದು ನಾಡಿಗೆ ಗೊತ್ತಾದದ್ದು ಅವರು ಹೋಗಿ ಕೇಳಿದ್ದರಿಂದ. ಅವರು ಹಾಡು ಕೇಳಿದರು. ನಾವು ಬಾಲ್ಯವನ್ನು ಕೇಳಬೇಕಾಗಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಕ್ಕ, ಹೆಸರನ್ನಷ್ಟೇ ಬರೆಯಬಲ್ಲ ತಾಯಿ, ದನ ಕಾಯ್ದ ಕಾಕಾ, ಮುಳುಗಿದ ಊರಿನ ಅಜ್ಜಿ, ಇವರು ತಾವಾಗಿ ಲೇಖನ ಬರೆದು ಕಳಿಸಲಾರರು. ವರ್ಷದಿಂದ ವರ್ಷಕ್ಕೆ ಅವರ ಸಂಖ್ಯೆ ಕಡಿಮೆಯಾಗುತ್ತಲಿದೆ. ಅವರು ಹೇಳದೆ ಹೋದರೆ ನಾವು ಬರೆದ ಉಂಡಿ ಜೋಕಾಲಿಗಳ ಕಥೆಯೇ ಮುಂದಿನವರಿಗೆ ಈ ನಾಡಿನ ಪೂರ್ತಿ ಇತಿಹಾಸವಾಗಿ ಉಳಿಯುವದು. ಅದು ಸುಳ್ಳಲ್ಲದಿದ್ದರೂ ಸತ್ಯದ ಒಂದು ತುಂಡು ಮಾತ್ರ.

ಆದಕಾರಣ ನಮ್ಮ ವಾಚಕರಲ್ಲಿ, ವಿಶೇಷವಾಗಿ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ನಮ್ಮದೊಂದು ವಿನಂತಿ. ಮನೆಯ ಹಿರಿಯ ಹೆಂಗಸರ ಹತ್ತಿರ ಒಂದು ಸಂಜೆ ಕುಳಿತು, ಅವರು ಚಿಕ್ಕವರಿದ್ದಾಗ ಏನು ಆಡಿದರು, ಏನು ಉಂಡರು, ಶಾಲೆಯನ್ನು ಯಾವ ದಿನ, ಏಕೆ ಬಿಟ್ಟರು ಎಂಬದನ್ನು ಕೇಳಿರಿ. ಅವರು ಆಡಿದ ಮಾತುಗಳಲ್ಲಿಯೇ ಬರೆದು ನಮಗೆ ಕಳಿಸಿರಿ. ಗ್ರಂಥಸ್ಥ ಭಾಷೆಗೆ ತಿದ್ದುವ ಕಾರಣವಿಲ್ಲ. ಹೆಸರು ಬೇಡವೆಂದವರ ಹೆಸರನ್ನು ಹಾಕಲಾಗುವದಿಲ್ಲ. ಇಂಥ ಬರಹಗಳಿಗಾಗಿ ಇದೇ ಪುಟದಲ್ಲಿ ವಾರಕ್ಕೊಮ್ಮೆ ಸ್ಥಳವನ್ನು ಕಾಯ್ದಿಡುವದಾಗಿ ನಾವು ನಿಶ್ಚಯಿಸಿದ್ದೇವೆ.