ಕೊಳಚೆ ಕೆಸರನ್ನು ಬೇಯಿಸಿದರೆ ಏನು ಲಾಭ?

ಶೌಚಾಲಯದ ನೀರು ಚರಂಡಿ ಸೇರಿದೊಡನೆ ನಮ್ಮ ಚಿಂತೆ ಮುಗಿಯುತ್ತದೆ. ಶುದ್ಧೀಕರಣ ಘಟಕದವರ ಚಿಂತೆ ಆರಂಭವಾಗುವುದೇ ಅಲ್ಲಿಂದ. ನೀರು ತಿಳಿಯಾದ ಬಳಿಕ ಉಳಿಯುವ ಕೆಸರನ್ನು ಏನು ಮಾಡುವುದು?

ಅನೇಕ ದೊಡ್ಡ ನಗರಗಳಲ್ಲಿ ಈ ಕೆಸರನ್ನು ಗಾಳಿಯಾಡದ ಟ್ಯಾಂಕಿನಲ್ಲಿ ಮೂರು ವಾರಗಳಷ್ಟು ಕಾಲ ಕೊಳೆಯಿಸುತ್ತಾರೆ. ನಮ್ಮ ಹಳ್ಳಿಮನೆಗಳ ಗೋಬರ್ ಗ್ಯಾಸಿನ ಕ್ರಮವೇ ಇದು. ಅಲ್ಲಿ ಹುಟ್ಟುವ ಮಿಥೇನ್ ಅನಿಲದಿಂದ ವಿದ್ಯುತ್ ತಯಾರಿಸಬಹುದು. ಆದರೆ ಕೆಸರಿನ ಸಾವಯವ ಅಂಶದಲ್ಲಿ ಸುಮಾರು ಅರ್ಧದಷ್ಟು ಕರಗದೆ ಉಳಿದುಬಿಡುತ್ತದೆ.

ಇದಕ್ಕೆ ಕಾರಣವಿದೆ. ಕೆಸರಿನ ದೊಡ್ಡ ಪಾಲು ಎಂದರೆ, ನೀರನ್ನು ಶುದ್ಧಗೊಳಿಸಲು ಘಟಕದಲ್ಲೇ ಗಾಳಿ ಊದಿ ಬೆಳೆಸಿದ ಬ್ಯಾಕ್ಟೀರಿಯಾಗಳು. ಅವುಗಳ ಜೀವಕೋಶದ ಗೋಡೆ ಗಟ್ಟಿಯಾಗಿರುತ್ತದೆ. ಆ ಗೋಡೆ ಒಡೆಯುವ ತನಕ ಮಿಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಆಹಾರ ಸಿಗದು. ಹಸಿ ಕಡಲೆ ಸುಲಭವಾಗಿ ಜೀರ್ಣವಾಗದು. ಕುಕ್ಕರಿನಲ್ಲಿ ಬೇಯಿಸಿದರೆ ಆಗುತ್ತದೆ. ಕೆಸರಿಗೂ ಇದೇ ಉಪಾಯ.

ನಾರ್ವೆಯ ಕಾಂಬಿ ಸಂಸ್ಥೆ 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನದಲ್ಲಿ ಕೆಸರಿನ ನೀರು ಹಿಂಡಿ, ಮುಚ್ಚಿದ ಪಾತ್ರೆಗೆ ಹಬೆ ಹಾಯಿಸಿ, ಸುಮಾರು 165 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆಯಷ್ಟು ಇಡುತ್ತಾರೆ. ಬಳಿಕ ಒತ್ತಡವನ್ನು ಒಮ್ಮೆಲೇ ಇಳಿಸುತ್ತಾರೆ. ಜೀವಕೋಶಗಳು ಒಡೆಯುತ್ತವೆ, ರೋಗಾಣುಗಳು ಸಾಯುತ್ತವೆ. ಬೆಂದ ಕೆಸರು ಸರಾಗವಾಗಿ ಹರಿಯುವುದರಿಂದ ಅದೇ ಟ್ಯಾಂಕಿನಲ್ಲಿ ಸುಮಾರು ಎರಡು ಪಟ್ಟು ಕೆಸರನ್ನು ಕೊಳೆಯಿಸಬಹುದು.

ಅಮೆರಿಕದ ವಾಷಿಂಗ್ಟನ್ ನಗರದ ಬ್ಲೂ ಪ್ಲೇನ್ಸ್ ಘಟಕ 2015ರಲ್ಲಿ ಈ ವ್ಯವಸ್ಥೆಯನ್ನು ಆರಂಭಿಸಿತು. ಮೊದಲು ಅಲ್ಲಿ ಕೆಸರಿಗೆ ಸುಣ್ಣ ಬೆರೆಸಿ ಲಾರಿಗಳಲ್ಲಿ ಸಾಗಿಸುತ್ತಿದ್ದರು. ಈಗ ಸಾಗಿಸಬೇಕಾದ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಗಿದೆ. ಸುಮಾರು 10 ಮೆಗಾವ್ಯಾಟ್ ವಿದ್ಯುತ್ ಉತ್ಪಾದನೆಗೆ ವ್ಯವಸ್ಥೆಯಿದೆ. ಅನಿಲ ಉರಿಸಿದಾಗ ಬರುವ ಬಿಸಿಯಿಂದಲೇ ಹಬೆಯೂ ಸಿಗುತ್ತದೆ. ಉಳಿದ ಕೆಸರನ್ನು ‘ಬ್ಲೂಮ್’ ಹೆಸರಿನಲ್ಲಿ ಗೊಬ್ಬರವಾಗಿ ಮಾರುತ್ತಾರೆ.

ಹಾಗೆಂದು ಇದು ಎಲ್ಲ ಊರಿಗೂ ಹೊಂದುವ ಮದ್ದಲ್ಲ. ಬಾಯ್ಲರ್, ಒತ್ತಡ ತಡೆಯುವ ಪಾತ್ರೆ, ನುರಿತ ಸಿಬ್ಬಂದಿ ಎಲ್ಲವೂ ಬೇಕು. ಸಣ್ಣ ಘಟಕಕ್ಕೆ ಈ ಖರ್ಚು ಭಾರ. ಹಿಂಡಿದ ನೀರಿನಲ್ಲಿ ಅಮೋನಿಯ ಹೆಚ್ಚಿರುವುದರಿಂದ ಅದನ್ನು ಮತ್ತೆ ಶುದ್ಧೀಕರಿಸಬೇಕು.

ಇನ್ನೊಂದು ಮಾತನ್ನು ನಾವು ಮರೆಯಬಾರದು. ಬೇಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಸೀಸ, ಕ್ಯಾಡ್ಮಿಯಂನಂತಹ ಲೋಹಗಳು ಹಾಗೆಯೇ ಉಳಿಯುತ್ತವೆ. ಚರಂಡಿಗೆ ವಿಷ ಸುರಿದರೆ ಯಾವ ಯಂತ್ರವೂ ಅದನ್ನು ಗೊಬ್ಬರವಾಗಿಸದು. ಆ ಎಚ್ಚರ ನಮ್ಮ ಮನೆ, ನಮ್ಮ ಕಾರ್ಖಾನೆಗಳಲ್ಲೇ ಆರಂಭವಾಗಬೇಕು.